ಬಾಗಿಲು ಎಂಬ ಹೆಸರಿನವನ ಮನೆ

ಸೋಮವಾರ ಹೋಗಿದ್ದೆವು. ಬಾಗಿಲು ಹಾಕಿತ್ತು.

ತಪ್ಪು ನನ್ನದೇ. ಜರ್ಮನಿಯ ಎರ್ಲಾಂಗನ್‌ನಲ್ಲಿ ಕೆಲಸಕ್ಕಿರುವ ಸೋದರಳಿಯ ಹಿಂದಿನ ರಾತ್ರಿಯೇ ಹೇಳಿದ್ದ: "ಮಾವ, ಇಲ್ಲಿ ಮ್ಯೂಸಿಯಮ್ಮುಗಳಿಗೆ ಸೋಮವಾರ ರಜೆ ಇರತ್ತೆ. ಒಂದ್ಸಲ ನೋಡ್ಕೊಂಡು ಹೋಗೋಣ." ನಾನು ಕೇಳಬೇಕಲ್ಲ. "ಆರುನೂರು ವರ್ಷದಿಂದ ಅಲ್ಲೇ ನಿಂತಿರೋ ಮನೆ ಕಣೋ, ನಾಳೆ ಎಲ್ಲಿಗೆ ಹೋಗತ್ತೆ?" ಎಂದು ದೊಡ್ಡ ಮಾತಾಡಿದ್ದೆ. ಮನೆ ಎಲ್ಲಿಗೂ ಹೋಗಿರಲಿಲ್ಲ. 1420ರ ಸುಮಾರಿಗೆ ಕಟ್ಟಿದ್ದು ಕಟ್ಟಿದಲ್ಲೇ ಇತ್ತು. ಕೆಳಗಿನ ಎರಡು ಅಂತಸ್ತು ಮರಳುಗಲ್ಲು, ಮೇಲಿನ ಎರಡು ಮರದ ತೊಲೆಗಳ ಚೌಕಟ್ಟಿನೊಳಗೆ ತುಂಬಿದ ಗೋಡೆ, ಅದರ ಮೇಲೊಂದು ಕಡಿದಾದ ಮಾಡು. ನ್ಯೂರೆಂಬರ್ಗಿನ ಕೋಟೆ ಗುಡ್ಡದ ಬುಡದಲ್ಲಿ, ಬೀದಿಯ ಮೂಲೆ ಹಿಡಿದು, ಊರಿಗೆಲ್ಲ ತಾನೇ ಯಜಮಾನ ಎನ್ನುವ ಹಾಗೆ ನಿಂತಿತ್ತು. ಅಳಿಯ ಏನೂ ಅನ್ನಲಿಲ್ಲ. ಅನ್ನದಿದ್ದದ್ದೇ ಹೆಚ್ಚು ಚುಚ್ಚಿತು.

ಈ ಮನೆಯ ಮುಂದೆ ಮುಚ್ಚಿದ ಬಾಗಿಲು ನೋಡುವುದರಲ್ಲೊಂದು ತಮಾಷೆಯಿದೆ. ಮನೆಯ ಒಡೆಯನ ಹೆಸರೇ ಬಾಗಿಲು. ಇಲ್ಲಿದ್ದ ಚಿತ್ರಕಾರ ಆಲ್ಬ್ರೆಕ್ಟ್ ಡ್ಯೂರರ್‌ನ ಅಪ್ಪ ಹಂಗೇರಿಯ ಅಯ್ತೋಶ್ ಎಂಬ ಹಳ್ಳಿಯ ಕಡೆಯವನು, ಕಸುಬಿನಿಂದ ಅಕ್ಕಸಾಲಿಗ. 1455ರಲ್ಲಿ ಈ ಊರಿಗೆ ಬಂದು ನೆಲೆ ನಿಂತ. ಹಂಗೇರಿಯ ಮಾತಿನಲ್ಲಿ ಅಯ್ತೋ ಎಂದರೆ ಬಾಗಿಲು. ಜರ್ಮನ್ನಿನಲ್ಲಿ ಬಾಗಿಲಿಗೆ ಟ್ಯೂರ್. ಹೀಗಾಗಿ ಅಪ್ಪ ಟ್ಯೂರರ್ ಆದ, ಊರವರ ನಾಲಿಗೆಯಲ್ಲಿ ಟಕಾರ ಮೆತ್ತಗಾಗಿ ಮಗ ಡ್ಯೂರರ್ ಆದ. ನಮ್ಮ ಮಲೆನಾಡಿನಲ್ಲಿ ಹುಟ್ಟಿದ್ದರೆ ಹೆಬ್ಬಾಗಿಲು ಮನೆಯವರು ಎಂದು ಕರೆಸಿಕೊಳ್ಳುತ್ತಿದ್ದರೋ ಏನೋ. 1523ರಲ್ಲಿ ಅವನು ತನ್ನ ಮನೆತನದ ಲಾಂಛನವನ್ನು ಮರದಚ್ಚಿನಲ್ಲಿ ಮಾಡಿದ. ಅದರಲ್ಲಿರುವುದು ಎರಡೂ ಕದ ಹಾರುಹೊಡೆದ ಬಾಗಿಲು.

ಉಳಿದ ಸಂಜೆಯನ್ನು ಮನೆಯೆದುರಿನ ಚೌಕದಲ್ಲೇ ಕಳೆದೆವು. ಒಂದು ಬದಿಗೆ ಹಳೆಯ ಊರಬಾಗಿಲಿನ ಗೋಪುರ, ಇನ್ನೊಂದು ಬದಿಗೆ ಕೋಟೆಯ ಬಂಡೆ. ಕಾಲೇಜು ಹುಡುಗ ಹುಡುಗಿಯರು ಬಿಯರ್ ಬಾಟಲಿ ಹಿಡಿದು ಕಲ್ಲುಹಾಸಿನ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಿದ್ದರು. ಜೂನ್ ತಿಂಗಳು, ಒಂಬತ್ತು ಗಂಟೆಯಾದರೂ ಬೆಳಕು ಹೋಗುವುದಿಲ್ಲ. ಚೌಕದ ಮೂಲೆಯಲ್ಲಿ ಕಂಚಿನದೊಂದು ಮೊಲವಿದೆ. ಮೊಲ ಎಂದು ಹೇಳಿದ್ದರಿಂದ ಮೊಲ. ಹಸುವಿನ ಗಾತ್ರಕ್ಕೆ ಊದಿಕೊಂಡು, ಮೈಯೆಲ್ಲ ಗಂಟುಗಂಟಾಗಿ, ಅಡಿಯಲ್ಲಿ ಒಬ್ಬ ಮನುಷ್ಯನ ಪಾದವನ್ನು ಅದುಮಿಕೊಂಡು ಕೂತಿದೆ. ಡ್ಯೂರರ್ 1502ರಲ್ಲಿ ಜಲವರ್ಣದಲ್ಲಿ ಬರೆದ ಎಳೆಯ ಮೊಲದ ಗೌರವಾರ್ಥ ಯುರ್ಗೆನ್ ಗೋರ್ಟ್ಸ್ ಎಂಬ ಶಿಲ್ಪಿ 1984ರಲ್ಲಿ ಮಾಡಿದ್ದು. ಮೂಲ ಚಿತ್ರದ ಮೊಲ ಎಷ್ಟು ಜೀವಂತವೆಂದರೆ ಅದರ ಕಣ್ಣಿನಲ್ಲಿ ಕಿಟಕಿಯ ಪ್ರತಿಬಿಂಬ ಕಾಣುತ್ತದೆ, ಒಂದೊಂದು ಕೂದಲೂ ಬೇರೆಯಾಗಿ ನಿಂತಿರುತ್ತದೆ. ಸಾವಿರಾರು ಪೋಸ್ಟ್‌ಕಾರ್ಡು, ಟೀ ಶರ್ಟು, ಚಾಕೊಲೇಟು ಡಬ್ಬಿಗಳ ಮೇಲೆ ಆ ಮೊಲ ಕೂತೂ ಕೂತೂ ಬೇಸತ್ತು ಹೀಗಾಗಿದೆ ಎಂದು ಶಿಲ್ಪಿ ಹೇಳಹೊರಟಿರಬೇಕು. ನನಗೆ ಹಿಡಿಸಲಿಲ್ಲ. ಅಳಿಯನಿಗೆ ಹಿಡಿಸಿತು. "ಇದಕ್ಕಾದ್ರೂ ಸಿಟ್ಟು ಬಂದಿದ್ಯಲ್ಲ ಮಾವ" ಅಂದ.

ಇಷ್ಟು ದೂರ ಬಂದು ಇದೇ ಮನೆ ನೋಡಬೇಕೆಂದು ಹಟ ಹಿಡಿದಿದ್ದಕ್ಕೆ ಕಾರಣ ಚಿತ್ರಕಲೆಯಲ್ಲ. ನನಗೆ ಚಿತ್ರ ಬರೆಯಲು ಬಾರದು. ನಮ್ಮಪ್ಪ ಸಾಗರದಲ್ಲಿ ಒಂದು ಸಣ್ಣ ಅಚ್ಚುಕೂಟ ಇಟ್ಟುಕೊಂಡಿದ್ದರು. ಒಂದು ಟ್ರೆಡಲ್ ಯಂತ್ರ, ನಾಲ್ಕಾರು ಕೇಸು ಮೊಳೆ, ಮೊಳೆ ಜೋಡಿಸಲು ಇಬ್ಬರು. ಲಗ್ನಪತ್ರಿಕೆ, ರಸೀದಿ ಪುಸ್ತಕ, ಯಕ್ಷಗಾನದ ಹ್ಯಾಂಡ್‌ಬಿಲ್ಲು, ಅಡಿಕೆ ಮಂಡಿಯ ಚೀಟಿ. ಶಾಲೆ ಬಿಟ್ಟ ಮೇಲೆ ನನ್ನ ಕೆಲಸ ಗಣಪತಿ ಬ್ಲಾಕಿಗೆ ಸೀಮೆಎಣ್ಣೆ ಹಾಕಿ ಬ್ರಶ್ಶಿನಿಂದ ಉಜ್ಜುವುದು. ಲಗ್ನಪತ್ರಿಕೆಯ ನೆತ್ತಿಯ ಮೇಲೆ ಬರುವ ಗಣಪತಿ ಅದು. ಸತುವಿನ ತಗಡು, ಅಡಿಗೆ ಮರದ ತುಂಡು. ಬ್ಲಾಕಿನಲ್ಲಿ ಅವನ ಸೊಂಡಿಲು ಬಲಕ್ಕೆ, ಕಾಗದದ ಮೇಲೆ ಎಡಕ್ಕೆ. ಬಲಮುರಿ ಗಣಪತಿಗೆ ಮಡಿ ಜಾಸ್ತಿ ಎನ್ನುತ್ತಾರೆ. ನಾನು ಮೈಲಿಗೆಯ ಬಟ್ಟೆಯಲ್ಲಿ ಬಲಮುರಿಯನ್ನು ಉಜ್ಜುತ್ತಿದ್ದೇನಲ್ಲ ಎಂದು ಹೆದರಿ ಅಪ್ಪನನ್ನು ಕೇಳಿದ್ದೆ. "ಕಾಗದಕ್ಕೆ ಬಿದ್ದ ಮೇಲೇ ದೇವರು. ಅಲ್ಲೀತನಕ ಅದು ಬ್ಲಾಕು" ಅಂದಿದ್ದರು.

ಚಿತ್ರಕಾರರಿಗೆ ಡ್ಯೂರರ್ ಚಿತ್ರಕಾರ. ಅಚ್ಚುಕೂಟದಲ್ಲಿ ಬೆಳೆದವರಿಗೆ ಅವನು ಅಚ್ಚಿನವನು. ಅಪ್ಪನ ಹತ್ತಿರ ಅಕ್ಕಸಾಲಿ ಕೆಲಸ ಕಲಿತು ಉಳಿ ಹಿಡಿಯುವ ಕೈ ಪಳಗಿಸಿಕೊಂಡವನು. ಅವನ ಜ್ಞಾನಸ್ನಾನದ ತಂದೆ ಆಂಟನ್ ಕೋಬರ್ಗರ್ ಆ ಕಾಲದ ಜರ್ಮನಿಯ ದೊಡ್ಡ ಮುದ್ರಕ. ಒಂದು ತೈಲಚಿತ್ರ ಮಾಡಿದರೆ ಅದು ಒಬ್ಬ ಸಾಹುಕಾರನ ಗೋಡೆಗೆ ಹೋಗುತ್ತದೆ. ತಾಮ್ರದ ತಗಡಿನ ಮೇಲೆ ಕೊರೆದರೆ ನೂರಾರು ಮನೆಗೆ ಹೋಗುತ್ತದೆ, ದುಡ್ಡೂ ಬರುತ್ತದೆ. ಇದು ಅವನಿಗೆ ಬೇಗ ಹೊಳೆಯಿತು. 1498ರಲ್ಲಿ, ಇಪ್ಪತ್ತೇಳನೇ ವಯಸ್ಸಿಗೆ, ಬೈಬಲಿನ ಪ್ರಳಯದರ್ಶನವನ್ನು ಮರದಚ್ಚಿನ ಪುಸ್ತಕವಾಗಿ ತಾನೇ ಹೊರತಂದ. 1509ರಲ್ಲಿ ಈ ಮನೆ ಕೊಂಡ. 1528ರ ಏಪ್ರಿಲ್ 6ರಂದು ಸಾಯುವವರೆಗೆ ಇಲ್ಲೇ ಇದ್ದ. ಹಂಪಿಯಲ್ಲಿ ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು ಅದೇ 1509ರಲ್ಲಿ, ತೀರಿಕೊಂಡದ್ದು 1529ರಲ್ಲಿ. ಸುಮ್ಮನೆ ಲೆಕ್ಕಕ್ಕೆ ಹೇಳಿದೆ. ಆದರೆ ಈ ಲೆಕ್ಕ ಮುಂದೆ ಸ್ವಲ್ಪ ಕೆಲಸಕ್ಕೆ ಬರುತ್ತದೆ.

ಮಂಗಳವಾರ ಬಾಗಿಲು ತೆರೆದಿತ್ತು.

ಕೆಳಗೆ ತಂಪಾದ ದೊಡ್ಡ ಹಜಾರ. ಮರದ ಮೆಟ್ಟಿಲು ಹತ್ತುವಾಗ ನನ್ನ ಮಂಡಿ ಒಂದು ಸದ್ದು, ಮೆಟ್ಟಿಲು ಒಂದು ಸದ್ದು. ಕಿವಿಗೆ ಹಾಕಿಕೊಳ್ಳಲು ಒಂದು ಯಂತ್ರ ಕೊಡುತ್ತಾರೆ. ಅದರಲ್ಲಿ ಮನೆ ತೋರಿಸುವುದು ಡ್ಯೂರರ್ ಅಲ್ಲ, ಅವನ ಹೆಂಡತಿ ಆಗ್ನೆಸ್. ಧ್ವನಿ ಯಾರೋ ನಟಿಯದು, ಮಾತು ಗತ್ತಿನದು. ಅಡಿಗೆಮನೆಯಲ್ಲಿ ಸೊಂಟದೆತ್ತರದ ಒಲೆಕಟ್ಟೆ, ಮೇಲೆ ಹೊಗೆ ಹಿಡಿಯುವ ಗೂಡು. ಪಕ್ಕದಲ್ಲೇ ಸಣ್ಣದೊಂದು ಪಾಯಿಖಾನೆ. ಅಡಿಗೆಮನೆಗೆ ಅಂಟಿ ಪಾಯಿಖಾನೆ ಎಂದರೆ ನಮ್ಮ ಅಜ್ಜಿ ಆ ಮನೆಯಲ್ಲಿ ನೀರು ಕೂಡ ಮುಟ್ಟುತ್ತಿರಲಿಲ್ಲ. ಕಿಟಕಿಗಳಿಗೆ ಬಾಟಲಿಯ ತಳದಂಥ ದುಂಡು ಗಾಜುಗಳು, ಒಂದಕ್ಕೊಂದು ಸೀಸದಿಂದ ಬೆಸೆದವು. ಅದರ ಮೂಲಕ ನೋಡಿದರೆ ಎದುರು ಮನೆ ನೀರಿನೊಳಗೆ ನಿಂತ ಹಾಗೆ ಕಾಣುತ್ತದೆ.

ಕುರ್ಚಿ, ಮೇಜು, ಪೆಟ್ಟಿಗೆ, ಎಲ್ಲವೂ ಇವೆ. ಯಾವುದೂ ಅವನದಲ್ಲ. ಮನೆಯನ್ನು 1826ರಲ್ಲಿ ನಗರಸಭೆ ಕೊಂಡಿತು. ಹಳೆಯ ಜರ್ಮನ್ ಮನೆ ಹೇಗಿರಬೇಕೆಂದು 19ನೇ ಶತಮಾನದವರು ಅಂದುಕೊಂಡಿದ್ದರೋ ಹಾಗೆ ಕೋಣೆಗಳನ್ನು ಸಜ್ಜುಗೊಳಿಸಿದರು. ಗೋಡೆಯ ಮೇಲಿನ ವರ್ಣಚಿತ್ರಗಳೂ ನಕಲು. ಮೂಲ ನೋಡಬೇಕಾದರೆ ಮ್ಯೂನಿಕ್‌ಗೆ, ವಿಯೆನ್ನಾಕ್ಕೆ, ಮ್ಯಾಡ್ರಿಡ್‌ಗೆ, ಪ್ಯಾರಿಸ್ಸಿಗೆ ಹೋಗಬೇಕು. ಸಾಯುವ ಎರಡು ವರ್ಷ ಮೊದಲು, 1526ರಲ್ಲಿ, ನಾಲ್ವರು ಅಪೊಸ್ತಲರ ಎರಡು ದೊಡ್ಡ ಹಲಗೆ ಚಿತ್ರಗಳನ್ನು ತನ್ನ ನೆನಪಿಗೆ ಇರಲಿ ಎಂದು ಅವನೇ ಊರಿನ ಮಂಡಳಿಗೆ ಕೊಟ್ಟಿದ್ದ. ಚಿತ್ರದ ಅಡಿಗೆ ಬೈಬಲಿನಿಂದ ಆಯ್ದ ಎಚ್ಚರಿಕೆಯ ಮಾತುಗಳನ್ನು ಬರೆಸಿದ್ದ. ನೂರು ವರ್ಷದ ನಂತರ, 1627ರಲ್ಲಿ, ಬವೇರಿಯಾದ ದೊರೆ ಅದರ ಮೇಲೆ ಕಣ್ಣು ಹಾಕಿದ. ಮಂಡಳಿಯವರು ಜಾಣರು. ಪ್ರಾಟೆಸ್ಟೆಂಟ್ ವಾಸನೆಯ ಆ ಬರಹ ನೋಡಿದರೆ ಕ್ಯಾಥೊಲಿಕ್ ದೊರೆ ಬೇಡ ಎಂದಾನು ಎಂದು ಕಾದರು. ಅವನು ಬರಹದ ಪಟ್ಟಿಯನ್ನು ಗರಗಸದಲ್ಲಿ ಕೊಯ್ಯಿಸಿ ಊರಿಗೇ ಬಿಟ್ಟು, ಚಿತ್ರ ಒಯ್ದ. ತುಂಡುಗಳು ಮತ್ತೆ ಸೇರಿದ್ದು 1922ರಲ್ಲಿ, ಅದೂ ಮ್ಯೂನಿಕ್‌ನಲ್ಲಿ.

"ಹಾಗಾದ್ರೆ ಇಲ್ಲಿ ನೋಡೋದಕ್ಕೆ ಏನಿದೆ ಮಾವ?" ಎಂದು ಅಳಿಯ ಕೇಳಿದ. ಟಿಕೆಟ್ಟಿನ ದುಡ್ಡು ಅವನೇ ಕೊಟ್ಟಿದ್ದರಿಂದ ಕೇಳುವ ಹಕ್ಕಿತ್ತು.

ನನಗೆ ಮಂಗಳೂರಿನ ಒಂದು ಮನೆ ನೆನಪಾಯಿತು. ಕಾಲೇಜಿನ ದಿನಗಳಲ್ಲಿ ನಾನು ಬಾಡಿಗೆಗಿದ್ದ ಕ್ಯಾಥೊಲಿಕ್ ಕುಟುಂಬದ ಚಾವಡಿಯಲ್ಲಿ ಮುಗಿದ ಎರಡು ಕೈಗಳ ಪ್ಲಾಸ್ಟರಿನ ಫಲಕವಿತ್ತು; ಅಂಚು ಮುರಿದು ಫೆವಿಕಾಲ್‌ನಲ್ಲಿ ಅಂಟಿಸಿದ್ದು. ಸಂಜೆ ತೇರ್ಸದ ಪ್ರಾರ್ಥನೆ ಹೇಳುವಾಗ ಮನೆಯ ಅಜ್ಜಿ ಅದರತ್ತ ನೋಡುತ್ತಿದ್ದರು. ಅದು ಡ್ಯೂರರ್‌ನದು ಎಂದು ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ, ಅಜ್ಜಿಗೆ ತಿಳಿದಿರಲು ಕಾರಣವೇ ಇಲ್ಲ. 1508ರಲ್ಲಿ ನೀಲಿ ಕಾಗದದ ಮೇಲೆ ಕುಂಚದಲ್ಲಿ ಬರೆದ ಸಿದ್ಧತೆಯ ಚಿತ್ರ ಅದು. ಫ್ರಾಂಕ್‌ಫರ್ಟಿನ ಹೆಲ್ಲರ್ ಎಂಬ ವ್ಯಾಪಾರಿಗೆ ಮಾಡುತ್ತಿದ್ದ ದೊಡ್ಡ ವೇದಿಕಾಚಿತ್ರದಲ್ಲಿ ಒಬ್ಬ ಅಪೊಸ್ತಲನ ಕೈ ಹೇಗಿರಬೇಕೆಂದು ನೋಡಿಕೊಳ್ಳಲು ಬರೆದದ್ದು. ಆ ದೊಡ್ಡ ಚಿತ್ರದ ನಡುವಿನ ಹಲಗೆ 1729ರಲ್ಲಿ ಮ್ಯೂನಿಕ್ ಅರಮನೆಯ ಬೆಂಕಿಗೆ ಸುಟ್ಟುಹೋಯಿತು. ಅದು ಹೇಗಿತ್ತೆಂದು ನಮಗೆ ಗೊತ್ತಾಗುವುದು ಯಾರೋ ಮಾಡಿಟ್ಟಿದ್ದ ನಕಲಿನಿಂದ. ಕೈ ಮಾತ್ರ ಉಳಿಯಿತು. ಉಳಿದು ಮಂಗಳೂರಿನ ಚಾವಡಿಯವರೆಗೂ ಬಂತು.

ಅಳಿಯನಿಗೆ ಇಷ್ಟೆಲ್ಲ ಹೇಳಲಿಲ್ಲ. "ಮೇಲೆ ಯಂತ್ರ ಇದೆಯಂತೆ, ನಡಿ" ಅಂದೆ.

ಮೇಲೆ ಹೋಗುವ ಮುನ್ನ ಇಬ್ಬರು ಹೆಂಗಸರ ಮಾತು. ಕಿವಿಯಲ್ಲಿ ಆಗ್ನೆಸ್ ಮಾತಾಡುತ್ತಲೇ ಇದ್ದಳಲ್ಲ, ಅವಳ ಮೇಲೆ ಐನೂರು ವರ್ಷದ ಒಂದು ದೂರಿದೆ. ಗಂಡನ ಆಪ್ತ ಸ್ನೇಹಿತ, ದೊಡ್ಡ ವಿದ್ವಾಂಸ ಪಿರ್ಕ್‌ಹೈಮರ್, ಡ್ಯೂರರ್ ಸತ್ತ ಮೇಲೆ ಒಂದು ಪತ್ರ ಬರೆದ: ಆ ಜಿಪುಣಿ ಹಣ ಹಣ ಎಂದು ಹಗಲೂ ರಾತ್ರಿ ದುಡಿಸಿ ಗಂಡನನ್ನು ಕೊಂದಳು ಎಂಬ ಧಾಟಿಯಲ್ಲಿ. ಸ್ನೇಹಿತರು ಹೆಂಡತಿಯ ಬಗ್ಗೆ ಹೀಗೆ ಹೇಳುವುದು ಯಾವ ಊರಿನಲ್ಲಿಲ್ಲ? ಅಚ್ಚಾದ ಹಾಳೆಗಳ ಕಟ್ಟು ಹೊತ್ತು ಫ್ರಾಂಕ್‌ಫರ್ಟಿನ ಜಾತ್ರೆಗೆ ಹೋಗಿ ಮಾರಿ ಬರುತ್ತಿದ್ದವಳು ಅವಳು. ಗಂಡ ವೆನಿಸ್ಸಿನಲ್ಲಿ ಬಿಸಿಲು ಕಾಯಿಸುತ್ತ ಕೂತಿದ್ದಾಗಲೂ ವ್ಯಾಪಾರ ನಡೆಯುತ್ತಿತ್ತೆಂದರೆ ಅದಕ್ಕೆ ಯಾರೋ ಲೆಕ್ಕ ಇಟ್ಟಿರಲೇಬೇಕು. ನಮ್ಮಮ್ಮ ಉದ್ರಿ ಪುಸ್ತಕ ಹಿಡಿದು ಲಗ್ನಪತ್ರಿಕೆಯ ಬಾಕಿ ವಸೂಲಿಗೆ ಮನೆಮನೆ ಹೋಗದಿದ್ದರೆ ಅಪ್ಪನ ಟ್ರೆಡಲ್ ಎಂದೋ ಗುಜರಿಗೆ ಹೋಗುತ್ತಿತ್ತು. ಅವಳಿಗೂ ಊರಿನಲ್ಲಿ ಒಳ್ಳೆಯ ಹೆಸರಿರಲಿಲ್ಲ. 1494ರಲ್ಲಿ, ಮದುವೆಯಾದ ವರ್ಷ, ಡ್ಯೂರರ್ ಹೆಂಡತಿಯನ್ನು ಲೇಖನಿಯಲ್ಲಿ ಗೀಚಿದ್ದಾನೆ. ಮೇಜಿಗೆ ಮೊಣಕೈ ಊರಿ, ಕೈಮೇಲೆ ಮುಖ ಇಟ್ಟು ಅರೆನಿದ್ದೆಯಲ್ಲಿರುವ ಹುಡುಗಿ; ಕೆಳಗೆ ನನ್ನ ಆಗ್ನೆಸ್ ಎಂದು ಎರಡೇ ಮಾತು. ಪಿರ್ಕ್‌ಹೈಮರ್‌ನ ಪತ್ರಕ್ಕಿಂತ ನನಗೆ ಈ ಎರಡು ಮಾತಿನ ಮೇಲೆ ನಂಬಿಕೆ. ಅವರಿಗೆ ಮಕ್ಕಳಿರಲಿಲ್ಲ.

ಇನ್ನೊಬ್ಬಳು ತಾಯಿ ಬಾರ್ಬರಾ. ಹದಿನೆಂಟು ಹೆತ್ತವಳು, ಬೆಳೆದು ದೊಡ್ಡವರಾಗಿ ಉಳಿದದ್ದು ಮೂವರು. ಗಂಡ ಸತ್ತ ಮೇಲೆ ಕೈಯಲ್ಲಿ ಏನೂ ಉಳಿಯದೆ ಈ ಮಗನ ಜೊತೆ ಇದ್ದಳು. 1514ರ ಮಾರ್ಚಿನಲ್ಲಿ ಮಗ ಅವಳನ್ನು ಇದ್ದಿಲಿನಲ್ಲಿ ಬರೆದ. ಕುತ್ತಿಗೆಯ ನರ, ಹಣೆಯ ಗೆರೆ, ಒಂದು ಕಣ್ಣು ಒಂದು ಕಡೆ, ಇನ್ನೊಂದು ಇನ್ನೊಂದು ಕಡೆ. ಚಂದ ಮಾಡಲು ಹೋಗಿಲ್ಲ. ಎರಡು ತಿಂಗಳಿಗೆ ಅವಳು ತೀರಿಕೊಂಡಳು. ಅದೇ ಹಾಳೆಯ ಮೇಲೆ ಆ ಸಂಗತಿಯನ್ನೂ ಮಸಿಯಲ್ಲಿ ಬರೆದಿಟ್ಟ. ವಿಷಾದ ಎಂಬ ಹೆಸರಿನ ಅವನ ಪ್ರಸಿದ್ಧ ತಾಮ್ರದಚ್ಚು ಅದೇ ವರ್ಷದ್ದು. ತಲೆಗೆ ಕೈ ಹೊತ್ತು ಕೂತ ರೆಕ್ಕೆಯ ಹೆಂಗಸು, ಹಿಂದೆ ಗೋಡೆಯಲ್ಲಿ ಹದಿನಾರು ಮನೆಯ ಮಾಯಾಚೌಕ. ಹೇಗೆ ಕೂಡಿದರೂ ಮೂವತ್ನಾಲ್ಕು. ಕೆಳಸಾಲಿನ ನಡುವಿನ ಎರಡು ಮನೆಗಳಲ್ಲಿ 15, 14. ಪಂಡಿತರು ಈ ಚಿತ್ರಕ್ಕೆ ನೂರು ಅರ್ಥ ಹೇಳುತ್ತಾರೆ. ನಾನು ಆ ಎರಡು ಮನೆಗಳಿಂದ ಕಣ್ಣು ಕೀಳಲಾರೆ.

ಮುದ್ರಣದ ಕೋಣೆಯಲ್ಲಿ ಮರದ ದೊಡ್ಡ ಅಚ್ಚುಯಂತ್ರ, ಬಣ್ಣ ಅರೆಯುವ ಕಲ್ಲು, ಕಾಗದ ಒಣಹಾಕುವ ಹಗ್ಗ. ಅಗಸೆ ಎಣ್ಣೆಯ ವಾಸನೆ. ಹೊಕ್ಕ ಕೂಡಲೇ ನನಗೆ ಹತ್ತು ವರ್ಷ ವಯಸ್ಸಾಯಿತು. ನೀಲಿ ಏಪ್ರನ್ನು ಕಟ್ಟಿದ ಹೆಂಗಸೊಬ್ಬರು ಅಚ್ಚು ಹಾಕಿ ತೋರಿಸುತ್ತಿದ್ದರು. ಮೇಜಿನ ಮೇಲೆ ಅಂಗೈಯಗಲದ ಮರದಚ್ಚು. ಅದರಲ್ಲಿ ಎಡಕ್ಕೆ ಮುಖಮಾಡಿ ನಿಂತಿದ್ದದ್ದು ಯಾರೆಂದುಕೊಂಡಿರಿ? ನಮ್ಮ ಘೇಂಡಾಮೃಗ.

ನಮ್ಮದು ಎಂದದ್ದು ಅಭಿಮಾನಕ್ಕಲ್ಲ. ಡ್ಯೂರರ್ 1515ರಲ್ಲಿ ಮಾಡಿದ ಆ ಮರದಚ್ಚಿನ ಪ್ರಾಣಿ ಹೋದದ್ದೇ ಇಲ್ಲಿಂದ. ದಿಯುವಿನಲ್ಲಿ ಕೋಟೆ ಕಟ್ಟಲು ಜಾಗ ಕೊಡಿ ಎಂದು ಪೋರ್ಚುಗೀಸರ ಅಲ್ಬುಕರ್ಕ್ ಗುಜರಾತಿನ ಸುಲ್ತಾನ ಎರಡನೇ ಮುಜಫರ್ ಷಾನ ಹತ್ತಿರ ದೂತರನ್ನು ಕಳಿಸಿದ. ಸುಲ್ತಾನ ಜಾಗ ಕೊಡಲಿಲ್ಲ, ಬದಲಿಗೆ ಒಂದು ಘೇಂಡಾಮೃಗ ಕೊಟ್ಟ. ಬೇಡ ಎನ್ನುವುದಕ್ಕೆ ಇದಕ್ಕಿಂತ ಭಾರವಾದ ಮರ್ಯಾದೆ ಇರಲಿಕ್ಕಿಲ್ಲ. ಅದನ್ನು ಗೋವೆಗೆ ತಂದರು. ಆ ಗೋವೆಯನ್ನು ಬಿಜಾಪುರದ ಆದಿಲ್‌ಶಾಹಿಗಳ ಕೈಯಿಂದ ಪೋರ್ಚುಗೀಸರು ಕಿತ್ತುಕೊಂಡು ಐದು ವರ್ಷವೂ ಆಗಿರಲಿಲ್ಲ. 1510ರ ಆ ಕೆಲಸದಲ್ಲಿ ಅವರ ಜೊತೆ ನಿಂತವನು ನಮ್ಮ ಹೊನ್ನಾವರದ ತಿಮ್ಮಯ್ಯ. ಇದೆಲ್ಲ ಕೃಷ್ಣದೇವರಾಯನ ಕಾಲ. ಅವನಿಗೆ ಬೇಕಾದ ಕುದುರೆಗಳು ಇಳಿಯುತ್ತಿದ್ದ ದಡದಿಂದಲೇ 1515ರ ಜನವರಿಯಲ್ಲಿ ಘೇಂಡಾಮೃಗ ಹಡಗು ಹತ್ತಿತು. ಮೇ 20ರಂದು ಲಿಸ್ಬನ್ ಮುಟ್ಟಿತು. ಅಲ್ಲಿ ದೊರೆ ಮಾನ್ಯುಯೆಲ್ ಅದನ್ನು ಆನೆಯ ಜೊತೆ ಕಾಳಗಕ್ಕೆ ಬಿಟ್ಟ, ಆನೆ ಓಡಿಹೋಯಿತು. ಪೋರ್ಚುಗೀಸರು ಪ್ರಾಣಿಯನ್ನು ಕರೆದದ್ದು ಗಂಡಾ ಎಂದು. ಪಾಪ, ಹೆಸರು ಮಾತ್ರ ಊರಿನದೇ ಉಳಿದಿತ್ತು.

ಡ್ಯೂರರ್ ಅದನ್ನು ಕಣ್ಣಾರೆ ಕಾಣಲಿಲ್ಲ. ಲಿಸ್ಬನ್ನಿನಿಂದ ಯಾರೋ ಕಳಿಸಿದ ಪತ್ರ, ಜೊತೆಗೊಂದು ಗೀಚು ಚಿತ್ರ, ಅಷ್ಟೇ. ಅಷ್ಟರಲ್ಲೇ ಮೈಗೆ ಕಬ್ಬಿಣದ ಕವಚದಂಥ ಫಲಕ ಹೊದಿಸಿ, ಕಾಲಿಗೆ ಮೀನಿನಂತೆ ಹುರುಪೆ ಹಚ್ಚಿ, ಹೆಗಲ ಮೇಲೆ ತಿರುಚಿದ ಪುಟ್ಟ ಕೊಂಬೊಂದನ್ನು ಹೆಚ್ಚಿಗೆ ಕೊಟ್ಟು ನಿಲ್ಲಿಸಿದ. ನಿಜವಾದ ಪ್ರಾಣಿಗೆ ಆ ಕೊಂಬಿಲ್ಲ. ಆದರೆ ಚಿತ್ರ ಮತ್ತೆ ಮತ್ತೆ ಅಚ್ಚಾಗಿ, ನೋಡಿದವರು ನಕಲು ಮಾಡಿ, ಆ ನಕಲಿಗೆ ನಕಲಾಗಿ, ಇನ್ನೂರು ವರ್ಷಕ್ಕೂ ಮಿಕ್ಕಿ ಯುರೋಪಿನ ಪುಸ್ತಕಗಳಲ್ಲಿ ಘೇಂಡಾಮೃಗ ಹೆಗಲ ಮೇಲೊಂದು ಕೊಂಬು ಹೊತ್ತೇ ತಿರುಗಿತು. ಚಿತ್ರದ ಮೇಲಿನ ಒಕ್ಕಣೆಯಲ್ಲಿ ಪ್ರಾಣಿ ಬಂದ ವರ್ಷವನ್ನು 1513 ಎಂದು ಅಚ್ಚು ಹಾಕಿದ್ದಾನೆ. ಎರಡು ವರ್ಷ ತಪ್ಪು. ಇದನ್ನು ಓದಿದಾಗ ನನಗಾದ ಸಮಾಧಾನ ಹೇಳತೀರದು. ಒಮ್ಮೆ ನಮ್ಮಪ್ಪ ಒಬ್ಬರ ಲಗ್ನಪತ್ರಿಕೆಯಲ್ಲಿ ಮುಹೂರ್ತವನ್ನು ಒಂದು ದಿನ ಹಿಂದೆ ಹಾಕಿ, ಐನೂರು ಪತ್ರಿಕೆ ಕೈಯಿಂದ ದುಡ್ಡು ಹಾಕಿ ಮತ್ತೆ ಮಾಡಿಕೊಟ್ಟು, ವಾರಗಟ್ಟಲೆ ಊಟ ಸೇರದೆ ಓಡಾಡಿದ್ದರು.

ಮೂಲ ಪ್ರಾಣಿಯ ಕತೆ ಬೇಗ ಮುಗಿಯಿತು. ದೊರೆ ಅದನ್ನು ಪೋಪ್ ಹತ್ತನೇ ಲಿಯೋಗೆ ಉಡುಗೊರೆಯಾಗಿ ಕಳಿಸಿದ. ಇಟಲಿಯ ದಡದ ಹತ್ತಿರ ಬಿರುಗಾಳಿಗೆ ಹಡಗು ಒಡೆಯಿತು. ಘೇಂಡಾಮೃಗಕ್ಕೆ ಈಜು ಬರುತ್ತದೆ. ಆದರೆ ಕಾಲಿಗೆ ಸರಪಳಿ ಹಾಕಿದ್ದರು.

ಹೆಂಗಸು ತೊಗಲಿನ ಗಡ್ಡೆಯನ್ನು ಮಸಿಗೆ ಅದ್ದಿ ಅಚ್ಚಿನ ಮೇಲೆ ತಟ್ಟತೊಡಗಿದರು. ಸವರುವುದಲ್ಲ, ತಟ್ಟುವುದು. ಪ್ಚ್ ಪ್ಚ್ ಪ್ಚ್ ಎಂಬ ಅಂಟು ಸದ್ದು. ಮಸಿ ಹದವಾಗಿದೆಯೋ ಇಲ್ಲವೋ ಎಂಬುದನ್ನು ಅಪ್ಪ ರೋಲರಿನ ಇದೇ ಸದ್ದಿನಿಂದ ಹೇಳುತ್ತಿದ್ದರು. ಒದ್ದೆ ಮಾಡಿ ಹಿಂಡಿದಂತಿದ್ದ ಕಾಗದವನ್ನು ಮೇಲೆ ಹಾಸಿ, ಮಣೆ ಒಳಗೆ ತಳ್ಳಿ, ಹಿಡಿಕೆಯನ್ನು ಎದೆಯವರೆಗೂ ಜಗ್ಗಿದರು. ಯಂತ್ರ ನರಳಿತು. ಕಾಗದದ ಒಂದು ಮೂಲೆ ಹಿಡಿದು ಮೆಲ್ಲಗೆ ಎಬ್ಬಿಸಿದಾಗ ಪ್ರಾಣಿ ಬಲಕ್ಕೆ ತಿರುಗಿ ನಿಂತಿತ್ತು. ನಮ್ಮ ಗಣಪತಿಯ ಸೊಂಡಿಲಿನ ಹಾಗೆಯೇ. ಡ್ಯೂರರ್ ಮೊದಲು ಲೇಖನಿಯಲ್ಲಿ ಬರೆದಿಟ್ಟುಕೊಂಡ ಚಿತ್ರ ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ; ಅದರಲ್ಲೂ ಪ್ರಾಣಿ ಮರದಲ್ಲಿದ್ದ ಹಾಗೆ ಎಡಕ್ಕೇ ನೋಡುತ್ತದೆ. ಅಚ್ಚಾದ ಮೇಲೆ ಜಗತ್ತು ಕಂಡದ್ದು ತಿರುಗಿ ನಿಂತದ್ದನ್ನು.

ಸುತ್ತ ನಿಂತವರು ಫೋಟೊ ತೆಗೆದರು. ನಾನು ಗೊತ್ತಿಲ್ಲದೆಯೇ ಕೈ ಚಾಚಿ ಹಾಳೆಯ ಹಿಂಬದಿಯನ್ನು ಹೆಬ್ಬೆರಳಿನಿಂದ ಸವರಿದೆ. ಅಚ್ಚು ಎಲ್ಲ ಕಡೆ ಸಮನಾಗಿ ಕಚ್ಚಿದೆಯೋ ಎಂದು ನೋಡುವ ರೀತಿ ಅದು. ಮುಂದೆ ನೋಡಿದರೆ ಕಣ್ಣು ಮೋಸ ಮಾಡುತ್ತದೆ, ಹಿಂದೆ ಸವರಿದರೆ ಬೆರಳು ಮಾಡುವುದಿಲ್ಲ. ಹಿಂಗಾಲಿನ ಹತ್ತಿರ ಕಾಗದ ನುಣ್ಣಗಿತ್ತು. ಅಲ್ಲಿ ಅಚ್ಚು ಕೂತಿರಲಿಲ್ಲ. ಹೆಂಗಸು ನನ್ನ ಬೆರಳನ್ನೇ ನೋಡುತ್ತಿದ್ದರು. "ಡ್ರುಕ್ಕರ್?" ಎಂದು ಕೇಳಿದರು. "ಪ್ರಿಂಟರಾ ಅಂತ ಕೇಳ್ತಿದಾರೆ ಮಾವ" ಎಂದ ಅಳಿಯ. ನಮ್ಮಪ್ಪ ಎಂದು ಹೇಳು ಅಂದೆ. ಅವರು ಹಾಳೆಯನ್ನು ಬೆಳಕಿಗೆ ಹಿಡಿದು, ಮಾಸಿದ ಹಿಂಗಾಲನ್ನು ಕಂಡು, ನಕ್ಕು, ಅದನ್ನು ರದ್ದಿಗೆ ಹಾಕದೆ ನನ್ನ ಕೈಗೆ ಕೊಟ್ಟರು. ಬೇರೆಯವರಿಗೆ ಮತ್ತೊಂದು ಹಾಕತೊಡಗಿದರು.

ಡ್ಯೂರರ್‌ಗೆ ನಕಲಿನ ಮೇಲೆ ಕೋಪ ಇರಲಿಲ್ಲವೆಂದಲ್ಲ. ತನ್ನ ಆಕಾರದೊಳಗೆ ಡಕಾರ ಕೂರಿಸಿದ ಗುರುತನ್ನು ಬೇರೆಯವರು ಹಾಕಿದರೆ ಉರಿದುಬೀಳುತ್ತಿದ್ದ. 1511ರಲ್ಲಿ ತನ್ನ ಪುಸ್ತಕದ ಕೊನೆಗೆ ಕದಿಯುವವರಿಗೆ ಚಕ್ರವರ್ತಿಯ ಹೆಸರಿನಲ್ಲಿ ಎಚ್ಚರಿಕೆ ಅಚ್ಚು ಹಾಕಿಸಿದ. ಮರುವರ್ಷ ಯಾವನೋ ಪರಸ್ಥಳದವನು ಪುರಭವನದ ಹತ್ತಿರ ಕಳ್ಳ ಗುರುತಿನ ಹಾಳೆ ಮಾರುತ್ತಿದ್ದಾನೆಂದು ಮಂಡಳಿಯವರೆಗೂ ದೂರು ಹೋಯಿತು. ಮಂಡಳಿ ಕೊಟ್ಟ ತೀರ್ಪು ಚೆನ್ನಾಗಿದೆ: ಗುರುತನ್ನು ಅಳಿಸು, ಚಿತ್ರ ಮಾರಿಕೋ.

ಹೊರಗೆ ಬಂದು ಬೀದಿಯಿಳಿದೆವು. ಇಲ್ಲಿಯ ಹಳೇಪೇಟೆಯನ್ನು ನೋಡಿದವರೆಲ್ಲ ಮಧ್ಯಯುಗಕ್ಕೆ ಹೋಗಿ ಬಂದೆವು ಎನ್ನುತ್ತಾರೆ. ಹೋಗಿರುವುದಿಲ್ಲ. 1945ರ ಜನವರಿ 2ರ ಒಂದೇ ರಾತ್ರಿಯ ಬಾಂಬಿಗೆ ಈ ಪೇಟೆಯ ನೂರಕ್ಕೆ ತೊಂಬತ್ತು ಪಾಲು ನೆಲಸಮವಾಯಿತು. ಡ್ಯೂರರ್ ಮನೆಗೆ ಪೆಟ್ಟು ಬಿತ್ತು, ಆದರೆ ನಿಂತಿತು. 1949ರ ಹೊತ್ತಿಗೆ ರಿಪೇರಿ ಮುಗಿಸಿದರು. ಹತ್ತಿರದಲ್ಲೇ ಕೋಟೆ ಬಂಡೆಯೊಳಗೆ ಕೊರೆದ ಹಳೆಯ ಬಿಯರ್ ನೆಲಮಾಳಿಗೆಗಳಿವೆ. ಊರಿನ ಅಮೂಲ್ಯ ಶಿಲ್ಪ, ಚಿತ್ರಗಳನ್ನು ಯುದ್ಧದ ಕಾಲದಲ್ಲಿ ಅಲ್ಲಿ ಬಚ್ಚಿಟ್ಟಿದ್ದರು. ಹಿಟ್ಲರನ ಪಕ್ಷ ವರ್ಷವರ್ಷ ಮೆರವಣಿಗೆ ನಡೆಸುತ್ತಿದ್ದ ಊರು ಇದೇ, ಯುದ್ಧ ಸೋತ ಮೇಲೆ ಅವರ ವಿಚಾರಣೆ ನಡೆದದ್ದೂ ಇಲ್ಲೇ. ಆ ಕತೆ ಊರಿನ ಇನ್ನೊಂದು ದಿಕ್ಕಿನಲ್ಲಿದೆ, ಅಂದು ಆ ಕಡೆ ಹೋಗಲಿಲ್ಲ. ಮತ್ತೆ ಕಟ್ಟುವಾಗ ಹಳೆಯದನ್ನು ಪಡಿಯಚ್ಚು ತೆಗೆಯಲು ಹೋಗದೆ, ಬೀದಿಗಳ ಹಳೆಯ ಗೆರೆ, ಮಾಡಿನ ಇಳಿಜಾರು, ಎತ್ತರದ ಅಳತೆ ಉಳಿಸಿಕೊಂಡು ಹೆಚ್ಚಿನ ಮನೆಗಳನ್ನು ಹೊಸದಾಗಿಯೇ ಎಬ್ಬಿಸಿದರು. ಬ್ಲಾಕು ಸುಟ್ಟುಹೋದರೂ ಫಾರಮ್ಮಿನ ಅಳತೆ ನೆನಪಿದ್ದವರು ಮಾಡುವ ಕೆಲಸ ಇದು. ಕೆಲವು ಮನೆ ಚಂದ, ಕೆಲವು ಬರೀ ಡಬ್ಬಿ.

ದಾರಿಯಲ್ಲಿ ಬ್ರೆಡ್ಡಿನ ನಡುವೆ ಬೆರಳುದ್ದದ ಮೂರು ಸಾಸೇಜು ಇಟ್ಟು ಕೊಡುವ ಅಂಗಡಿಗಳ ಮುಂದೆ ಸಾಲು ನಿಂತಿತ್ತು. ಅಳಿಯ ಸಾಲಿನಲ್ಲಿ ನಿಂತ, ನಾನು ಉಪ್ಪುಕಲ್ಲು ಉದುರಿಸಿದ ಬ್ರೆಟ್ಸೆಲ್ ಮುರಿದುಕೊಂಡೆ.

ಸಂಜೆ ಸಂತ ಯೋಹಾನನ ಸ್ಮಶಾನಕ್ಕೆ ನಡೆದೇ ಹೋದೆವು. ಊರಬಾಗಿಲು ದಾಟಿ ಹದಿನೈದಿಪ್ಪತ್ತು ನಿಮಿಷ. ಮಲಗಿಸಿದ ಮರಳುಗಲ್ಲಿನ ದೊಡ್ಡ ದೊಡ್ಡ ದಿಮ್ಮಿಗಳು, ಎಲ್ಲ ಒಂದೇ ಬಗೆಯವು, ಸಾಲುಸಾಲು. ಹೆಚ್ಚು ಕಡಿಮೆ ಎಲ್ಲದರ ಮೇಲೂ ಒಂದು ಕಂಚಿನ ಫಲಕ, ನಡುನಡುವೆ ಗುಲಾಬಿ. 649ನೇ ನಂಬರಿನ ಡ್ಯೂರರ್‌ನ ಗೋರಿ ಹುಡುಕಿದೆವು. ಅದೂ ಸ್ವಂತದ್ದಲ್ಲ, ಹೆಂಡತಿಯ ತವರಿನವರದು. ಅಳಿಯನಿಗೆ ಮಾವನ ಮನೆಯವರು ಜಾಗ ಕೊಟ್ಟಿದ್ದಾರೆ. ಕಂಚಿನ ಮೇಲಿನ ಲ್ಯಾಟಿನ್ ಒಕ್ಕಣೆ ಬರೆದವನು ಆಗ್ನೆಸ್ಸನ್ನು ಬೈದ ಅದೇ ಪಿರ್ಕ್‌ಹೈಮರ್: ಡ್ಯೂರರ್‌ನಲ್ಲಿ ಸಾಯುವಂಥದ್ದು ಏನಿತ್ತೋ ಅಷ್ಟು ಇಲ್ಲಿದೆ ಎಂಬ ಅರ್ಥದ್ದು. ಗೆಳೆಯನಿಗೆ ಬರೆಯುವಾಗ ಕೈ ಒಳ್ಳೆಯದಿತ್ತು. ಯಾರೋ ಕಲ್ಲಿನ ಮೇಲೆ ಒಂದು ಪೆನ್ಸಿಲ್ ಇಟ್ಟು ಹೋಗಿದ್ದರು. ಅಳಿಯ ಅದನ್ನು ನೋಡಿ, ನಂತರ ನನ್ನ ಕೈಯಲ್ಲಿದ್ದ ಸುರುಳಿ ನೋಡಿ, "ಅದನ್ನ ಇಲ್ಲಿಡ್ತೀರೇನೋ ಅಂದ್ಕೊಂಡೆ" ಅಂದ. "ಇದು ನನ್ನದು" ಅಂದೆ.

ರಾತ್ರಿ ಎರ್ಲಾಂಗನ್ನಿನ ಮನೆಯಲ್ಲಿ ಹಾಳೆ ಬಿಡಿಸಿದೆ. ಕಾಗದ ಒಣಗಿ ಅಂಚು ಸುರುಟಿತ್ತು, ಒಂದು ಮೂಲೆಯಲ್ಲಿ ನನ್ನ ಹೆಬ್ಬೆರಳಿನ ಮಸಿ ಗುರುತು ಬಿದ್ದಿತ್ತು. ಅಳಿಯನ ಐದು ವರ್ಷದ ಮಗಳು ಬಂದು ನೋಡಿ ಕನ್ನಡದಲ್ಲಿ ಏನಂತಾರೆ ಎಂದು ಕೇಳಿದಳು. ಹೇಳಿದೆ. ಹಿಂಗಾಲು ಎಲ್ಲಿ ಎಂದಳು. ಬಿದ್ದಿಲ್ಲ ಎಂದೆ. ಅವಳು ಹಾಳೆಯನ್ನು ಕಿತ್ತುಕೊಂಡು, ಮೇಜಿನ ದೀಪದ ಮುಂದೆ ಉಲ್ಟಾ ಹಿಡಿದಳು. ಬೆಳಕಿನಲ್ಲಿ ಗೆರೆಗಳೆಲ್ಲ ಹಿಂದಿನಿಂದ ಮೂಡಿ, ಘೇಂಡಾಮೃಗ ಎಡಕ್ಕೆ ಮುಖ ಮಾಡಿ ಮೂರು ಕಾಲಿನ ಮೇಲೆ ನಿಂತಿತು.

"ಈಗ ಆ ಕಡೆ ಹೋಗ್ತಿದೆ" ಎಂದಳು.